ಸೋಪಿಗೆ ಹದಿನೆಂಟು, ಲಾಭಕ್ಕೆ ಹದಿನೈದು

ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿಯಲ್ಲಿ ಶುಂಠಿ ಹೊಲದ ಕೂಲಿ ಮುಗಿಸಿದ ಹೆಣ್ಣುಮಗಳು ಅಂಗಡಿ ಮುಂದೆ ನಿಂತು ಒಂದು ಸೋಪು, ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಬಾಟಲಿ, ಮಗುವಿಗೊಂದು ಬಿಸ್ಕತ್ ಪೊಟ್ಟಣ ಕೊಳ್ಳುತ್ತಾಳೆ. ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿ ಕೊಡುತ್ತಾಳೆ. ಸೋಪಿನ ಹೊದಿಕೆಯ ಮೇಲೆ ಎಲ್ಲ ತೆರಿಗೆ ಸೇರಿದ ಬೆಲೆ ಅಚ್ಚಾಗಿದೆ; ಅದರಲ್ಲಿ ತೆರಿಗೆ ಎಷ್ಟು ಎಂಬುದು ಮಾತ್ರ ಅಚ್ಚಾಗಿಲ್ಲ. ನಾನು ಹೇಳುತ್ತೇನೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಿನಿಂದ 2025ರ ಸೆಪ್ಟೆಂಬರ್‌ವರೆಗೆ ಈ ಮೂರೂ ಸಾಮಾನಿನ ಮೇಲೆ ಅವಳು ಕೊಟ್ಟದ್ದು ನೂರಕ್ಕೆ 18 ರೂಪಾಯಿ.

ಇದೇ ದೇಶದಲ್ಲಿ, 2019ರಿಂದ ಈಚೆಗೆ, ಹೊಸದಾಗಿ ಹುಟ್ಟಿ ಕಾರ್ಖಾನೆ ತೆರೆದ ಕಂಪನಿ ತನ್ನ ಲಾಭದ ಮೇಲೆ ಕಟ್ಟಬೇಕಾಗಿದ್ದ ತೆರಿಗೆ ನೂರಕ್ಕೆ 15. ಮೇಲ್ತೆರಿಗೆ, ಸೆಸ್ ಎಲ್ಲ ಕೂಡಿಸಿದರೂ 17.16. ಕೂಲಿಯವಳ ಸೋಪಿಗೆ ಬಿದ್ದಷ್ಟು ತೆರಿಗೆ ಆ ಕಂಪನಿಯ ಲಾಭಕ್ಕೆ ಬೀಳಲಿಲ್ಲ. ಆದರೂ ಪೇಟೆಯ ಜನ 'ಬಡವರು ತೆರಿಗೆ ಕಟ್ಟುವುದಿಲ್ಲ, ನಮ್ಮ ತೆರಿಗೆಯಲ್ಲಿ ಬದುಕುತ್ತಾರೆ' ಎಂದು ಎದೆ ಸೆಟೆಸಿ ಮಾತಾಡುತ್ತಾರೆ. ನಾಚಿಕೆಯಾಗಬೇಕು. ಅವಳು ಮೈ ತೊಳೆದಾಗಲೆಲ್ಲ ತೆರಿಗೆ ಕಟ್ಟಿದ್ದಾಳೆ.

ಈ ಲೆಕ್ಕವನ್ನು ಮನುಷ್ಯರು ಬರೆದರು. ದಿನಾಂಕವೂ ಇದೆ. 2019ರ ಸೆಪ್ಟೆಂಬರ್ 20, ಗೋವಾ. ಕರ್ನಾಟಕದಿಂದ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅಂದು ಪತ್ರಿಕಾಗೋಷ್ಠಿ ಕರೆದು ಕಂಪನಿ ತೆರಿಗೆಯನ್ನು, ಬೇರೆ ವಿನಾಯಿತಿ ಬಿಡಲು ಒಪ್ಪಿದವರಿಗೆ, ಶೇ. 30ರಿಂದ 22ಕ್ಕೆ, ಹೊಸ ತಯಾರಿಕಾ ಕಂಪನಿಗಳಿಗೆ 15ಕ್ಕೆ ಇಳಿಸಿದರು. ಸಂಸತ್ತಿನಲ್ಲಿ ಚರ್ಚೆ ಮೊದಲಾಗಲಿಲ್ಲ. ಸುಗ್ರೀವಾಜ್ಞೆ ಮೊದಲು ಬಂತು. ಖಜಾನೆಗೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದಾಜು ಹೇಳಿತು. ಅದೇ ದಿನ ಸೆನ್ಸೆಕ್ಸ್ 1,900 ಅಂಶಕ್ಕೂ ಮೇಲೆ ಜಿಗಿಯಿತು. ಷೇರುಪೇಟೆಗೆ ಅಂದು ಹಬ್ಬ. ಆ ಹಬ್ಬದ ಖರ್ಚು ಯಾರ ತಲೆಗೆ ಬಂತು?

2014–15ರಲ್ಲಿ ಕೇಂದ್ರಕ್ಕೆ ಕಂಪನಿಗಳಿಂದ ಬಂದ ತೆರಿಗೆ ಸುಮಾರು 4.29 ಲಕ್ಷ ಕೋಟಿ. ವ್ಯಕ್ತಿಗಳ ಆದಾಯ ತೆರಿಗೆ 2.66 ಲಕ್ಷ ಕೋಟಿ. 2023–24ರ ಹೊತ್ತಿಗೆ ತಕ್ಕಡಿ ತಿರುಗಿತು: ಕಂಪನಿಗಳು 9.11 ಲಕ್ಷ ಕೋಟಿ, ವ್ಯಕ್ತಿಗಳು 10.44 ಲಕ್ಷ ಕೋಟಿ. ಸಂಬಳದ ಮೇಷ್ಟರು, ನರ್ಸು, ಬ್ಯಾಂಕಿನ ಗುಮಾಸ್ತರೆಲ್ಲ ಸೇರಿದ ವ್ಯಕ್ತಿಗಳ ತೆರಿಗೆ ದೇಶದ ಎಲ್ಲ ಕಂಪನಿಗಳ ತೆರಿಗೆಯನ್ನು ಮೀರಿತು. ಇದರ ಜೊತೆಗೆ 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿದ ಅಕ್ಕಿ, ಹಿಟ್ಟು, ಮೊಸರಿಗೂ ಶೇ. 5 ಜಿಎಸ್‌ಟಿ ಹಾಕಿದರು. ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲೇ ಎತ್ತಿಹಾಕಿ ಆಗಿತ್ತು. ಬಂಗಲೆಯ ತೆರಿಗೆ ಹೋಯಿತು, ಮಜ್ಜಿಗೆಯ ತೆರಿಗೆ ಬಂತು.

2025ರ ಸೆಪ್ಟೆಂಬರ್‌ನಲ್ಲಿ ಸೋಪು, ಎಣ್ಣೆ, ಬಿಸ್ಕತ್ತಿನ ತೆರಿಗೆಯನ್ನು 5ಕ್ಕೆ ಇಳಿಸಿದರು, ನಿಜ. ಕೂಲಿಯವಳಿಗೆ ಇದು ಸಿಗಲು ಎಂಟು ವರ್ಷ ಬೇಕಾಯಿತು. ಕಂಪನಿಗೆ ಒಂದು ಬೆಳಿಗ್ಗೆ ಸಾಕಾಯಿತು. ಈ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳದೆ ಬಿಡಬಾರದು.

ಚುನಾವಣೆಗೆ ಹಣ ಸುರಿಯುವವರ ಕೈಯಿಂದ ಹುಟ್ಟುತ್ತದೆ. 2017ರ ಬಜೆಟ್ಟಿನಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ, ಕೊಟ್ಟವರ ಹೆಸರು ಹೊರಬೀಳದೆ ಪಕ್ಷಕ್ಕೆ ಹಣ ಸೇರುವ ಚುನಾವಣಾ ಬಾಂಡ್ ತಂದರು. ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ಹಣವನ್ನು ಪಕ್ಷಗಳಿಗೆ ಕೊಡಬಾರದೆಂಬ ಮಿತಿ ಇತ್ತು, ಅದನ್ನು ಕಿತ್ತರು. ಯಾವ ಪಕ್ಷಕ್ಕೆ ಕೊಟ್ಟೆವೆಂದು ಲೆಕ್ಕಪತ್ರದಲ್ಲಿ ಬರೆಯಬೇಕೆಂಬ ನಿಯಮ ಇತ್ತು, ಅದನ್ನೂ ಕಿತ್ತರು. ರಿಸರ್ವ್ ಬ್ಯಾಂಕ್ ಬೇಡವೆಂದಿತು, ಕೇಳಲಿಲ್ಲ. ಹಣಕಾಸು ಮಸೂದೆಯೊಳಗೆ ತುರುಕಿದ್ದರಿಂದ ರಾಜ್ಯಸಭೆಯ ತಿದ್ದುಪಡಿಗಳಿಗೂ ಬೆಲೆ ಸಿಗಲಿಲ್ಲ. 2018ರಿಂದ 2024ರ ಜನವರಿವರೆಗೆ ಸುಮಾರು 16,518 ಕೋಟಿ ರೂಪಾಯಿಯ ಬಾಂಡುಗಳು ಸ್ಟೇಟ್ ಬ್ಯಾಂಕಿನಿಂದ ಹೋದವು. ಕೊಟ್ಟವರು ಯಾರೆಂದು ಸರ್ಕಾರಿ ಬ್ಯಾಂಕಿಗೆ ಗೊತ್ತಿತ್ತು. ಮತ ಹಾಕುವ ನಿಮಗೆ, ನನಗೆ ಗೊತ್ತಾಗುವಂತಿರಲಿಲ್ಲ.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆ ಸಂವಿಧಾನಕ್ಕೆ ವಿರುದ್ಧ ಎಂದು ರದ್ದು ಮಾಡಿತು. ಕಂಪನಿಗಳು ಪಕ್ಷಕ್ಕೆ ಹಣ ಕೊಡುವುದು ಲಾಭ ಬಯಸಿ ಮಾಡುವ ವ್ಯವಹಾರ ಎಂದು ಪೀಠ ಸ್ಪಷ್ಟವಾಗಿ ಹೇಳಿತು. ಹೆಸರು ಕೊಡಿ ಎಂದರೆ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು, ಅಂದರೆ ಲೋಕಸಭಾ ಚುನಾವಣೆ ಮುಗಿಯುವವರೆಗೆ. ಕೋರ್ಟು ಗದರಿದ ಮೇಲೆ ಕೆಲವೇ ದಿನಗಳಲ್ಲಿ ಪಟ್ಟಿ ಹೊರಬಿತ್ತು. ಅತಿ ಹೆಚ್ಚು ಬಾಂಡ್ ಕೊಂಡದ್ದು ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್, 1,368 ಕೋಟಿ. ಎರಡನೆಯದು ಗುತ್ತಿಗೆ ಕಂಪನಿ ಮೇಘಾ ಇಂಜಿನಿಯರಿಂಗ್, 966 ಕೋಟಿ. 2019ರ ಏಪ್ರಿಲ್‌ನಿಂದ ಈಚಿನ ಲೆಕ್ಕದಲ್ಲಿ ಬಿಜೆಪಿಗೆ 6,000 ಕೋಟಿಗೂ ಹೆಚ್ಚು, ತೃಣಮೂಲಕ್ಕೆ ಸುಮಾರು 1,600 ಕೋಟಿ, ಕಾಂಗ್ರೆಸ್ಸಿಗೆ ಸುಮಾರು 1,400 ಕೋಟಿ. ನಮ್ಮ ಹಾಸನದ ನೆಲದಲ್ಲಿ ಬೇರು ಬಿಟ್ಟ ಜೆಡಿಎಸ್, ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಿದ ಕೆಲವೇ ಪಕ್ಷಗಳಲ್ಲೊಂದು. ಅದರ ಪಟ್ಟಿಯಲ್ಲೂ ಮೇಘಾದ 50 ಕೋಟಿ ಇತ್ತು. ರೈತನ ಪಕ್ಷಕ್ಕೆ ಗುತ್ತಿಗೆದಾರನ ಹಣ ಯಾಕೆ ಬೇಕು?

ಕೊಟ್ಟ ಹಣಕ್ಕೂ ಇಳಿದ ತೆರಿಗೆಗೂ ನಂಟಿದೆ ಎಂದು ಯಾವ ನ್ಯಾಯಾಲಯವೂ ತೀರ್ಪು ಕೊಟ್ಟಿಲ್ಲ. ಆ ನಂಟು ಯಾರಿಗೂ ಕಾಣದ ಹಾಗೆ ಆರು ವರ್ಷ ಕಾನೂನನ್ನೇ ಅಡ್ಡ ಹಿಡಿದರಲ್ಲ, ನನ್ನ ಸಿಟ್ಟು ಅದರ ಮೇಲೆ.

ಕೊಟ್ಟವನ ಹೆಸರು ಬಯಲಲ್ಲಿ ನಿಂತಿರುವುದನ್ನು ನೋಡಲು ಮತ್ತೆ ಬಸ್ತಿಹಳ್ಳಿಗೆ ಬನ್ನಿ. ಇಲ್ಲಿಗೆ ಬಂದವರು ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳ ಕನ್ನಡಿಯಂಥ ಕಂಬಗಳ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅಲ್ಲಿನ ಶಾಸನಗಳನ್ನು ಓದುವವರು ಕಡಿಮೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಹೊಯ್ಸಳ ಅರಸ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ. ಕಟ್ಟಿಸಿದ್ದು ತಂದೆಯ ನೆನಪಿಗೆ. ಒಂಬೈನೂರು ವರ್ಷದ ಹಿಂದಿನ ಈ ಮಾತು ನಮಗೆ ಗೊತ್ತಿರುವುದು ಕಲ್ಲಿನಲ್ಲಿ ಬರೆಸಿದ್ದರಿಂದ. ದತ್ತಿ ಬಿಟ್ಟವನು ಯಾರು, ಬಿಟ್ಟದ್ದು ಏನು, ಪಡೆದವರು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಎಲ್ಲವನ್ನೂ ದಾನಶಾಸನ ಹತ್ತಾರು ಜನರ ಕಣ್ಣೆದುರು ನಿಲ್ಲಿಸುತ್ತಿತ್ತು. ಹೊಯ್ಸಳರ ಕಾಲವನ್ನು ನಾನು ಹಾಡಿ ಹೊಗಳುತ್ತಿಲ್ಲ. ಸಿದ್ಧಾಯ, ಮನೆದೆರೆ, ಗಾಣದೆರೆ ಎಂಬ ತೆರಿಗೆಗಳಲ್ಲಿ ಆಗಲೂ ಹಿಂಡಿದ್ದು ಉಳುವವನನ್ನೇ. ಅರಸ ಊರನ್ನು ದತ್ತಿ ಬಿಟ್ಟನೆಂದರೆ ಆ ಊರಿನ ರೈತನ ಬೆವರನ್ನು ಬಿಟ್ಟನೆಂದೇ ಅರ್ಥ. ಆದರೆ ಮತದ ಹಕ್ಕೇ ಇಲ್ಲದ ಆ ಪ್ರಜೆಗೂ ಕೊಟ್ಟವನ ಹೆಸರು ಗೊತ್ತಿತ್ತು. ಮತದ ಹಕ್ಕಿರುವ ನಮ್ಮಿಂದ ಅದನ್ನು ಮುಚ್ಚಿಟ್ಟರು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ತೆರಿಗೆಯ ಒಂದು ಅಂಕಿ ಅತ್ತಿತ್ತ ಆದರೆ ರೈತನ ಮನೆಯಲ್ಲಿ ಏನಾಗುತ್ತದೆ ಎಂದು ತಿಳಿಯಲು ಅರಸೀಕೆರೆಗೆ ಬನ್ನಿ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಕಾಯಿ ಗುಡುಗುಡು ಸದ್ದು ಮಾಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ಮಾರುಕಟ್ಟೆಗೆ ಒಯ್ಯಬೇಕು. ವರ್ಷದ ದುಡಿಮೆ ಅಟ್ಟದ ಮೇಲೆ ಒಣಗುತ್ತಿರುವಾಗಲೇ, 2021ರ ಅಕ್ಟೋಬರ್‌ನಲ್ಲಿ, ದೆಹಲಿಯ ಒಂದು ಅಧಿಸೂಚನೆ ಕಚ್ಚಾ ಪಾಮ್ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆ ಮಾಡಿತು. ಬಳಕೆದಾರರ ಹಿತಕ್ಕಾಗಿ ಎಂದರು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದಾಗ ಮಾರುಕಟ್ಟೆ ಬೆಲೆ 8,000ದ ಆಸುಪಾಸಿಗೆ ಬಿತ್ತು. ಬಿದ್ದುದಕ್ಕೆ ಸುಂಕ ಒಂದೇ ಕಾರಣವಲ್ಲ. 2025ರಲ್ಲಿ ಬೆಲೆ ಮತ್ತೆ ಏರಿತು ಕೂಡ. ಆದರೆ ಎಣ್ಣೆ ತರಿಸುವ, ಶುದ್ಧೀಕರಿಸುವ ಕಂಪನಿಗಳ ಮಾತಿಗೆ ದೆಹಲಿಯಲ್ಲಿ ಬಾಗಿಲು ತೆರೆದಿರುತ್ತದೆ. ತೆಂಗು ಬೆಳೆದವನು 2024ರಲ್ಲಿ ನಾಫೆಡ್ ಖರೀದಿ ಕೇಂದ್ರದ ಮುಂದೆ ನೋಂದಣಿಗಾಗಿ ಸಾಲು ನಿಂತಿದ್ದ.

ಇದೇ ಅರಸೀಕೆರೆ, ಹಾಸನದ ಹಳಿಗಳ ಮೇಲೆ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಮಂಗಳೂರು ಬಂದರಿಗೆ ಹೋಗುತ್ತಿತ್ತು. ಟನ್ನಿಗೆ ಸಾವಿರಾರು ರೂಪಾಯಿ ಬೆಲೆಯ ಅದಿರಿಗೆ 2009ರ ಆಗಸ್ಟ್‌ವರೆಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಯಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಆ ಹಣದ ಬಲದಲ್ಲಿ 2008ರಲ್ಲಿ ಗಣಿ ಒಡೆಯರು ಬೆಂಗಳೂರಿನಲ್ಲಿ ಮಂತ್ರಿಗಳಾದರು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಮೇಲೆ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಹಣದ ರಾಜಕಾರಣ ಕುರ್ಚಿ ಬಿಡಲಿಲ್ಲ. 2020ರಲ್ಲಿ ಕೊರೊನಾಕ್ಕೆ ಹೆದರಿ ಜನ ಮನೆಯೊಳಗೆ ಕೂತಿದ್ದಾಗ ಸುಗ್ರೀವಾಜ್ಞೆ ತಂದು ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದರು. ರೈತನಲ್ಲದವನಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. 2023ರಲ್ಲಿ ನಾವು ಆರಿಸಿದ ವಿಧಾನಸಭೆಯಲ್ಲಿ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳು. ಬಾವುಟದ ಬಣ್ಣ ಯಾವುದಾದರೂ ಇರಲಿ, ಅಲ್ಲಿ ಕೂಲಿಯವಳ ಕಡೆಯಿಂದ ಕೂತವರು ಎಷ್ಟು ಜನ?

ತೆರಿಗೆ ಹೆಚ್ಚಾಯಿತೆಂದು ರೈತ ದನಿ ಎತ್ತಿದರೆ ಏನಾಗುತ್ತದೆ ಎಂಬುದನ್ನು ಈ ರಾಜ್ಯ ನೋಡಿದೆ. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಕಟ್ಟಲು ಆಗದು ಎಂದು ಎದ್ದಾಗ, 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಪೊಲೀಸರು ಗುಂಡು ಹಾರಿಸಿದರು. ರೈತರು ಸತ್ತರು. ಆ ನೆತ್ತರಿನಿಂದಲೇ ರೈತ ಸಂಘ ಎದ್ದು ನಿಂತಿತು. ಕಂಪನಿಗಳು ತೆರಿಗೆ ಹೆಚ್ಚಾಯಿತು ಎಂದರೆ ಸುಗ್ರೀವಾಜ್ಞೆ ಸಿಗುತ್ತದೆ. ರೈತ ಅದೇ ಮಾತಾಡಿದ್ದಕ್ಕೆ ಗುಂಡು ಸಿಕ್ಕಿತು.

'ತೆರಿಗೆ ಇಳಿಸಿದರೆ ಬಂಡವಾಳ ಬರುತ್ತದೆ, ಕೆಲಸ ಹುಟ್ಟುತ್ತದೆ' ಎಂದು ವಾದಿಸುವವರಿಗೆ ಸರ್ಕಾರದ್ದೇ 2023–24ರ ಆರ್ಥಿಕ ಸಮೀಕ್ಷೆ ಉತ್ತರ ಕೊಟ್ಟಿದೆ. 2020ರಿಂದ 2023ರ ನಡುವೆ ಕಂಪನಿಗಳ ಲಾಭ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ನೇಮಕಾತಿಯೂ ಸಂಬಳವೂ ಅದರ ಹತ್ತಿರಕ್ಕೂ ಬರಲಿಲ್ಲ. ಬಿಟ್ಟುಕೊಟ್ಟ ತೆರಿಗೆ ಬೇಲೂರಿನ ಹುಡುಗನಿಗೆ ಕೆಲಸವಾಗಿ ಬರಲಿಲ್ಲ. ಬಾಂಡ್ ಹೋದ ಮೇಲೂ ಹಣ ನಿಂತಿಲ್ಲ. ಕಂಪನಿಗಳ ಹಣವನ್ನು ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟುಗಳ ಕಾಲುವೆಯಲ್ಲಿ ಸಾವಿರಾರು ಕೋಟಿ ಹರಿಯುತ್ತಿದೆ. ಹಳೆಯ ತೆರಿಗೆ ದರದಲ್ಲೇ ಉಳಿದ ಕಂಪನಿ ಪಕ್ಷಕ್ಕೆ ಕೊಟ್ಟ ಹಣವನ್ನು ತೆರಿಗೆ ಬೀಳುವ ಆದಾಯದಿಂದ ಪೂರ್ತಿ ಕಳೆಯಬಹುದು. ಅಂದರೆ ಅದರ ಒಂದು ಪಾಲನ್ನು ತೆರುವವರು ನಾವು.

ನಮ್ಮ ಬೇಡಿಕೆ ನೇರವಾಗಿದೆ. ಪಕ್ಷಕ್ಕೆ ಬಂದ ಪ್ರತಿ ದೊಡ್ಡ ಮೊತ್ತ, ಕೊಟ್ಟವರ ಹೆಸರಿನ ಜೊತೆ, ಮತದಾನಕ್ಕೆ ಮೊದಲೇ ಎಲ್ಲರಿಗೂ ತಿಳಿಯಬೇಕು. ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಇದೆ, ಅವನ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅದಕ್ಕೂ ಮಿತಿ ಬರಬೇಕು. ಯಾವ ಕಂಪನಿಗೆ ಎಷ್ಟು ತೆರಿಗೆ ಬಿಟ್ಟಿರಿ ಎಂದು ಹೆಸರು ಹಿಡಿದು ಸದನದಲ್ಲಿ ಹೇಳಬೇಕು. ಅತಿ ಶ್ರೀಮಂತರ ಸಂಪತ್ತಿನ ಮೇಲೆ ತೆರಿಗೆ ಮರಳಬೇಕು. ಉಣ್ಣುವ, ತೊಳೆಯುವ ವಸ್ತುಗಳ ಮೇಲಿನ ತೆರಿಗೆ ಹೋಗಬೇಕು.

ಯಾರೂ ಇದನ್ನು ತಾವಾಗಿ ಕೊಡುವುದಿಲ್ಲ. ಹಳೇಬೀಡಿನ ಬಸ್ ನಿಲ್ದಾಣದ ಮುಂದೆ ಮೈಕ್ ಹಿಡಿದು ಮತ ಕೇಳಲು ಬರುವವರನ್ನು, ಯಾವ ಪಕ್ಷದವರೇ ಆಗಲಿ, ಯಾವ ಜಾತಿಯವರೇ ಆಗಲಿ, ಭಾಷಣ ಶುರುವಾಗುವ ಮೊದಲೇ ಕೇಳೋಣ: ನಿಮ್ಮ ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರು, ಬದಲಿಗೆ ಅವರು ಪಡೆದದ್ದು ಏನು? ಈ ದೇಶದ ಖಜಾನೆ ತುಂಬಿದವರು ನಾವು. ಲೆಕ್ಕ ಒಪ್ಪಿಸದವರಿಗೆ ನಮ್ಮ ಮತ ಇಲ್ಲ.