ಐದನೇ ಕಲಮಿನ ಮೇಲೆ ಯಾರಿಗೆಷ್ಟು ನಂಬಿಕೆ?

2025ರ ಸೆಪ್ಟೆಂಬರ್ 9ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ರಷ್ಯದ ಇಪ್ಪತ್ತರಷ್ಟು ಡ್ರೋನ್‌ಗಳು ಪೋಲೆಂಡಿನ ಆಕಾಶಕ್ಕೆ ನುಗ್ಗಿದವು. ಪೋಲೆಂಡಿನ ಎಫ್-16, ನೆದರ್ಲೆಂಡ್ಸಿನ ಎಫ್-35 ವಿಮಾನಗಳು ಮೇಲೆದ್ದು ಕೆಲವನ್ನು ಹೊಡೆದುರುಳಿಸಿದವು. ಪೂರ್ವ ಪೋಲೆಂಡಿನ ವಿರಿಕಿ ಎಂಬ ಹಳ್ಳಿಯಲ್ಲಿ ಒಂದು ಮನೆಯ ಮಾಡು ಹಾರಿಹೋಯಿತು. ಹಾರಿಸಿದ್ದು ರಷ್ಯದ ಡ್ರೋನ್ ಅಲ್ಲ, ಗುರಿ ತಪ್ಪಿದ ಪೋಲೆಂಡಿನದೇ ಕ್ಷಿಪಣಿ ಅಂತ ಅಲ್ಲಿನ ಪತ್ರಿಕೆಯೊಂದು ಆಮೇಲೆ ಬರೆಯಿತು. ಅದೇನೇ ಇರಲಿ, 2022ರಲ್ಲಿ ಉಕ್ರೇನ್ ಯುದ್ಧ ದೊಡ್ಡದಾದ ಮೇಲೆ ನ್ಯಾಟೋ ವಿಮಾನಗಳು ರಷ್ಯದ ಡ್ರೋನ್‌ಗಳನ್ನು ಹೊಡೆದದ್ದು ಅದೇ ಮೊದಲು.

ಮರುದಿನ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಇದು ತಪ್ಪಿ ಆದದ್ದೂ ಇರಬಹುದು ಎಂದರು. ತಪ್ಪಿ ಆಗಿದ್ದರೆ ಒಳ್ಳೆಯದಿತ್ತು, ಆದರೆ ಹಾಗಾಗಿಲ್ಲ ಎಂದು ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟಸ್ಕ್ ಉತ್ತರ ಕೊಟ್ಟರು. ಒಂದೇ ಹೆಸರಿನ ಇಬ್ಬರು, ಒಂದೇ ಕೂಟದವರು. ಒಂದೇ ಘಟನೆಯ ಬಗ್ಗೆ ಇವರ ಮಾತು ಎರಡಾಯಿತು. ಯುರೋಪಿನ ರಾಜಧಾನಿಗಳಲ್ಲಿ ನಿದ್ದೆ ಕೆಡಿಸಿದ್ದು ಡ್ರೋನಿಗಿಂತ ಹೆಚ್ಚಾಗಿ ಈ ಮಾತು.

ಅದೇ ಸೆಪ್ಟೆಂಬರ್ 19ರಂದು ರಷ್ಯದ ಮೂರು ಮಿಗ್-31 ವಿಮಾನಗಳು ಎಸ್ಟೋನಿಯದ ಆಕಾಶದಲ್ಲಿ 12 ನಿಮಿಷ ಸುತ್ತಾಡಿ ಹೋದವು. ಪೋಲೆಂಡ್, ಎಸ್ಟೋನಿಯ ಎರಡೂ ಒಪ್ಪಂದದ ನಾಲ್ಕನೇ ಕಲಮಿನ ಪ್ರಕಾರ ಸಮಾಲೋಚನೆ ಕೇಳಿದವು. ನಾಲ್ಕನೇ ಕಲಮು ಅಂದರೆ ಕೂತು ಮಾತಾಡುವುದು. ಅದರ ಮುಂದಿನ ಐದನೇ ಕಲಮೇ ಇಡೀ ಕೂಟದ ಜೀವಾಳ.

ಕಲಮಿನಲ್ಲಿ ಇರುವುದೇನು?

ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ದಾಳಿಯಾದಂತೆ ಎಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಅದರ ಮುಂದಿನ ಸಾಲನ್ನು ಓದುವವರು ಕಡಿಮೆ. ದಾಳಿಗೊಳಗಾದ ದೇಶಕ್ಕೆ ಪ್ರತಿಯೊಂದು ಸದಸ್ಯ ದೇಶವೂ ನೆರವಾಗಬೇಕು, ಆದರೆ ಯಾವ ಕ್ರಮ ಅಗತ್ಯವೆಂದು ತನಗೆ ತೋರುತ್ತದೋ ಆ ಕ್ರಮವನ್ನು ಕೈಗೊಂಡರೆ ಸಾಕು. ಸೇನೆ ಬಳಸುವುದೂ ಅದರಲ್ಲಿ ಸೇರಿದೆ, ಸೇನೆಯನ್ನೇ ಬಳಸಬೇಕೆಂದಿಲ್ಲ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ 12 ದೇಶಗಳು ಸಹಿ ಹಾಕುವ ಮೊದಲು ಈ ಒಂದು ವಾಕ್ಯಕ್ಕಾಗಿ ಸಾಕಷ್ಟು ಎಳೆದಾಟ ನಡೆದಿತ್ತು. ದಾಳಿ ಆದೊಡನೆ ತಾನಾಗಿ ಯುದ್ಧಕ್ಕಿಳಿಯುವ ಕರಾರು ಬೇಕೆಂದು ಯುರೋಪಿನವರು ಹಟ ಹಿಡಿದರೆ, ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಅದನ್ನು ಒಪ್ಪಂದಕ್ಕೆ ಒತ್ತೆಯಿಡಲಾಗದು ಎಂದು ಅಮೆರಿಕದ ಸೆನೆಟರುಗಳು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಕೊನೆಗೆ ಉಳಿದದ್ದು ಎರಡೂ ಕಡೆಯವರು ತಮಗೆ ಬೇಕಾದಂತೆ ಓದಿಕೊಳ್ಳಬಹುದಾದ ವಾಕ್ಯ.

ಹಾಗಾಗಿ ಕಾಗದಕ್ಕಿಂತ ಹೆಚ್ಚಾಗಿ ಈ ಕೂಟವನ್ನು ಹಿಡಿದು ನಿಲ್ಲಿಸಿದ್ದು ನಂಬಿಕೆ. ಮೈಮುಟ್ಟಿದರೆ ಅಮೆರಿಕ ಬಂದೇ ಬರುತ್ತದೆ ಎಂದು ಮಾಸ್ಕೋ ನಂಬಬೇಕು. ಬರ್ಲಿನ್ನೂ ನಂಬಬೇಕು. ಅಮೆರಿಕದ ಸೈನಿಕರನ್ನು ಜರ್ಮನಿಯ ನೆಲದ ಮೇಲೆ ದಶಕಗಟ್ಟಲೆ ಕೂರಿಸಿದ್ದೂ, ಯುರೋಪಿನ ನ್ಯಾಟೋ ಸೇನಾಧಿಪತಿಯ ಕುರ್ಚಿಯಲ್ಲಿ ಐಸೆನ್‌ಹೋವರ್ ಕಾಲದಿಂದ ಅಮೆರಿಕದ ಸೇನಾಧಿಕಾರಿಯೇ ಕೂರುತ್ತ ಬಂದದ್ದೂ ಇದಕ್ಕೇ.

ಮುನಿಸು ಹೊಸದಲ್ಲ. 1956ರಲ್ಲಿ ಸೂಯೆಜ್ ಕಾಲುವೆಗೆ ನುಗ್ಗಿದ ಬ್ರಿಟನ್, ಫ್ರಾನ್ಸ್‌ಗಳನ್ನು ಅಮೆರಿಕವೇ ಹಿಂದಕ್ಕೆ ಎಳೆಯಿತು. 1966ರಲ್ಲಿ ಫ್ರಾನ್ಸಿನ ದ ಗಾಲ್ ನ್ಯಾಟೋದ ಜಂಟಿ ಸೇನಾ ವ್ಯವಸ್ಥೆಯಿಂದಲೇ ಹೊರನಡೆದರು, ಪ್ಯಾರಿಸ್ಸಿನಲ್ಲಿದ್ದ ಮುಖ್ಯ ಕಚೇರಿ ಬ್ರಸೆಲ್ಸ್‌ಗೆ ಗಂಟುಮೂಟೆ ಕಟ್ಟಿತು. 2003ರ ಇರಾಕ್ ಯುದ್ಧಕ್ಕೆ ಜರ್ಮನಿ, ಫ್ರಾನ್ಸ್ ಒಪ್ಪಲಿಲ್ಲ. ಆದರೆ ಆ ಜಗಳಗಳಲ್ಲಿ ಯಾರೂ ಐದನೇ ಕಲಮಿನ ಮೇಲೆ ಕೈಹಾಕಿರಲಿಲ್ಲ. 2024ರ ಫೆಬ್ರವರಿಯಲ್ಲಿ ಚುನಾವಣಾ ಸಭೆಯೊಂದರಲ್ಲಿ ಟ್ರಂಪ್, ದುಡ್ಡು ಕೊಡದ ದೇಶವನ್ನು ಕಾಯುವುದಿಲ್ಲ, ರಷ್ಯ ಏನು ಬೇಕಾದರೂ ಮಾಡಿಕೊಳ್ಳಲಿ ಎಂಬರ್ಥದ ಮಾತಾಡಿದರು. ಅಧ್ಯಕ್ಷಗಿರಿಯ ಉಮೇದುವಾರನೊಬ್ಬ ಹೀಗೆ ಬಾಯಿಬಿಟ್ಟು ಹೇಳಿದ ಮೇಲೆ, ಆಮೇಲೆ ಎಷ್ಟು ಸಮಜಾಯಿಷಿ ಕೊಟ್ಟರೂ ಅದು ತೊಳೆದು ಹೋಗುವ ಕಲೆಯಲ್ಲ.

ಡೆನ್ಮಾರ್ಕಿನ ಲೆಕ್ಕ

ಈ ಐದನೇ ಕಲಮು ಇಲ್ಲಿಯವರೆಗೆ ಜಾರಿಗೆ ಬಂದದ್ದು ಒಂದೇ ಸಲ. ಅದೂ ಯುರೋಪಿಗಾಗಿ ಅಲ್ಲ, ಅಮೆರಿಕಕ್ಕಾಗಿ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನವೇ ಮಿತ್ರದೇಶಗಳು ಅದನ್ನು ಎತ್ತಿಕೊಂಡವು. ನ್ಯಾಟೋದ ಕಣ್ಗಾವಲು ವಿಮಾನಗಳು ಅಟ್ಲಾಂಟಿಕ್ ದಾಟಿ ಹೋಗಿ ಅಮೆರಿಕದ ಆಕಾಶ ಕಾದವು. ಆಮೇಲೆ ಅಫಘಾನಿಸ್ತಾನದಲ್ಲಿ ಬ್ರಿಟನ್ನಿನ 457 ಸೈನಿಕರು ಸತ್ತರು. ಆಗ ಅರುವತ್ತು ಲಕ್ಷ ಜನರೂ ಇಲ್ಲದಿದ್ದ ಡೆನ್ಮಾರ್ಕ್ 40ಕ್ಕೂ ಹೆಚ್ಚು ಮಂದಿಯನ್ನು ಕಳಕೊಂಡಿತು. ಜನಸಂಖ್ಯೆಗೆ ಹೋಲಿಸಿದರೆ ಇದು ಕೂಟದಲ್ಲೇ ಅತಿ ಹೆಚ್ಚಿನ ಪ್ರಾಣಹಾನಿಗಳಲ್ಲಿ ಒಂದು.

ಅಂಥ ಡೆನ್ಮಾರ್ಕಿನ ಸಾರ್ವಭೌಮತ್ವಕ್ಕೆ ಸೇರಿದ ಗ್ರೀನ್‌ಲ್ಯಾಂಡನ್ನು ಅಮೆರಿಕ ತನಗೆ ಬೇಕೆಂದು ಕೇಳಿತು. 2025ರ ಜನವರಿ 7ರಂದು ಸೇನಾಬಲ ಬಳಸುವುದಿಲ್ಲವೆಂದು ಮಾತು ಕೊಡಲು ಟ್ರಂಪ್ ಒಪ್ಪಲಿಲ್ಲ. 2026ರ ಜನವರಿಯಲ್ಲಿ, ಗ್ರೀನ್‌ಲ್ಯಾಂಡಿನ ಪರ ನಿಂತ ಎಂಟು ಯುರೋಪಿಯನ್ ದೇಶಗಳ ಸಾಮಾನಿಗೆ ಸುಂಕ ಹೇರುವ ಬೆದರಿಕೆ ಬಂತು. ಎಂಟೂ ನ್ಯಾಟೋ ಸದಸ್ಯರೇ. ಕೆಲವೇ ದಿನಗಳಲ್ಲಿ ದಾವೋಸಿನಲ್ಲಿ ಬಲಪ್ರಯೋಗ ಇಲ್ಲ ಎಂದರು, ಸುಂಕದ ಮಾತನ್ನೂ ಹಿಂತೆಗೆದರು. ಅದೇ ವಾರ, ಅಫಘಾನಿಸ್ತಾನದಲ್ಲಿ ಮಿತ್ರಸೈನಿಕರು ಮುಂಚೂಣಿಯಿಂದ ಸ್ವಲ್ಪ ಹಿಂದೆಯೇ ಇದ್ದರು ಅಂತ ಬೇರೆ ಹೇಳಿದರು. ಮಗನನ್ನು ಕಳಕೊಂಡ ಮನೆಯವರಿಗೆ ಈ ಮಾತು ಹೇಗಾಗಿರಬೇಡ? ಬ್ರಿಟನ್ನಿನ ಪ್ರಧಾನಿ ಕಿಯರ್ ಸ್ಟಾರ್ಮರ್ ಇದು ಅವಮಾನ ಎಂದು ನೇರವಾಗಿಯೇ ಹೇಳಿದರು. ಬಳಿಕ ಟ್ರಂಪ್ ಬ್ರಿಟಿಷ್ ಸೈನಿಕರನ್ನು ಹೊಗಳಿ ಸುಮ್ಮನಾದರು.

ರಕ್ಷಣೆಗಾಗಿ ಗ್ರೀನ್‌ಲ್ಯಾಂಡ್ ಬೇಕು ಎಂಬ ವಾದದಲ್ಲಿ ಹುರುಳಿಲ್ಲ. 1951ರ ಒಪ್ಪಂದದ ಪ್ರಕಾರ ಅಲ್ಲಿ ನೆಲೆ ಹೂಡಲು ಅಮೆರಿಕಕ್ಕೆ ಈಗಾಗಲೇ ಧಾರಾಳ ಅವಕಾಶ ಇದೆ. ಶೀತಲ ಸಮರದ ಕಾಲದಲ್ಲಿ ಅಲ್ಲಿ ಹಲವು ನೆಲೆಗಳಿದ್ದವು. ಅವನ್ನು ಒಂದೊಂದಾಗಿ ಮುಚ್ಚಿ ಪಿಟುಫಿಕ್ ಒಂದನ್ನೇ ಉಳಿಸಿಕೊಂಡದ್ದು ಅಮೆರಿಕವೇ ಹೊರತು ಡೆನ್ಮಾರ್ಕ್ ಅಲ್ಲ. ಗೇಣಿಗೆ ಬೇಕಾದಷ್ಟು ಗದ್ದೆ ಸಿಗುತ್ತಿರುವಾಗ ಪಟ್ಟೆಯೇ ತನ್ನ ಹೆಸರಿಗಾಗಬೇಕು ಎಂದರೆ ಅದು ಬೇಸಾಯದ ಮಾತಲ್ಲ. ಕೂಟದೊಳಗಿನವನೇ ಕೂಟದೊಳಗಿನವನ ನೆಲಕ್ಕೆ ಕೈಚಾಚಿದರೆ ಏನು ಮಾಡಬೇಕೆಂದು ಐದನೇ ಕಲಮಿನಲ್ಲಿ ಬರೆದಿಲ್ಲ. ಬರೆಯಬೇಕಾದೀತೆಂದು 1949ರಲ್ಲಿ ಯಾರಿಗೂ ತೋಚಿರಲಿಕ್ಕಿಲ್ಲ.

ಕಾಸಿನ ಮಾತು

ಹಾಗಂತ ಅಮೆರಿಕದ ದೂರೆಲ್ಲ ಸುಳ್ಳಲ್ಲ. ಯುರೋಪು ತನ್ನ ಕಾವಲಿನ ಖರ್ಚನ್ನು ಅಮೆರಿಕದ ತಲೆಗೆ ಕಟ್ಟಿ ಹಾಯಾಗಿತ್ತು ಎಂಬುದನ್ನು ಟ್ರಂಪ್‌ಗಿಂತ ಮೊದಲಿನ ಅಧ್ಯಕ್ಷರೂ ಹೇಳುತ್ತಲೇ ಬಂದಿದ್ದರು, ನಯವಾಗಿ ಹೇಳಿದ್ದರಿಂದ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೆ. ರಾಷ್ಟ್ರೀಯ ಉತ್ಪನ್ನದ ಶೇ. 2ನ್ನು ರಕ್ಷಣೆಗೆ ಖರ್ಚು ಮಾಡಬೇಕೆಂದು 2014ರಲ್ಲಿ ವೇಲ್ಸ್ ಶೃಂಗಸಭೆ ತೀರ್ಮಾನಿಸಿದಾಗ ಅಷ್ಟು ಮಾಡುತ್ತಿದ್ದವು ಮೂರೇ ದೇಶಗಳು: ಅಮೆರಿಕ, ಬ್ರಿಟನ್, ಗ್ರೀಸ್. ಹತ್ತು ವರ್ಷದ ಬಳಿಕ, 2024ರಲ್ಲಿ, 32ರಲ್ಲಿ 23 ದೇಶಗಳು ಆ ಗೆರೆ ಮುಟ್ಟುವ ಅಂದಾಜಿತ್ತು. 2025ರ ಜೂನ್‌ನಲ್ಲಿ ಹೇಗ್ ಶೃಂಗಸಭೆ ಗುರಿಯನ್ನು ಶೇ. 5ಕ್ಕೆ ಏರಿಸಿತು. ಗಡುವು 2035. ಇದರಲ್ಲಿ ಶೇ. 3.5 ನಿಜವಾದ ಸೇನಾ ಖರ್ಚು, ಉಳಿದ ಶೇ. 1.5 ರಸ್ತೆ, ಸೇತುವೆ, ಬಂದರು, ಸೈಬರ್ ರಕ್ಷಣೆ ಇತ್ಯಾದಿ.

ಆ ಒಂದೂವರೆಯಲ್ಲಿ ಎಷ್ಟು ಬೇಕಾದರೂ ಜಾಣತನಕ್ಕೆ ಜಾಗವಿದೆ. ಸಿಸಿಲಿಗೆ ಸಮುದ್ರದ ಮೇಲೆ ಕಟ್ಟಬೇಕೆಂದಿರುವ ಮೆಸ್ಸಿನಾ ಸೇತುವೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿದರೆ ಹೇಗೆ ಎಂಬ ಚರ್ಚೆ ಇಟಲಿಯಲ್ಲಿ ಎದ್ದಿತು! ಸ್ಪೇನಿನ ಪ್ರಧಾನಿ ಪೆಡ್ರೊ ಸಾಂಚೆಜ್ ಮಾತ್ರ ಜಾಣತನಕ್ಕೆ ಹೋಗದೆ, ತಮಗೆ ಶೇ. 2.1 ಸಾಕು ಎಂದುಬಿಟ್ಟರು.

ದುಡ್ಡು ಸುರಿದ ಮಾತ್ರಕ್ಕೆ ನಾಳೆಯೇ ಸೇನೆ ಸಿದ್ಧವಾಗುವುದಿಲ್ಲ ಎಂಬುದು ಇನ್ನೊಂದು ತೊಡಕು. ಯುರೋಪಿಗೆ ಕೊರತೆ ಇರುವುದು ಸೈನಿಕರಿಗಿಂತ ಹೆಚ್ಚಾಗಿ ಉಪಗ್ರಹದ ಕಣ್ಣು, ಆಕಾಶದಲ್ಲೇ ಇಂಧನ ತುಂಬುವ ವಿಮಾನ, ಭಾರೀ ಸಾಗಾಟದ ವಿಮಾನ, ಪೇಟ್ರಿಯಟ್‌ನಂಥ ಕ್ಷಿಪಣಿ ತಡೆ. ಇವೆಲ್ಲ ಬಹುಪಾಲು ಅಮೆರಿಕದ ಉಗ್ರಾಣದಲ್ಲಿವೆ. 2025ರ ಫೆಬ್ರವರಿ 28ರಂದು ಶ್ವೇತಭವನದಲ್ಲಿ ಕ್ಯಾಮರಾಗಳ ಎದುರೇ ಟ್ರಂಪ್ ಮತ್ತು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ವಾಗ್ವಾದಕ್ಕಿಳಿದ ಮೇಲೆ ಅಮೆರಿಕ ಕೆಲವು ದಿನ ಶಸ್ತ್ರ ಪೂರೈಕೆಯನ್ನೂ ಗುಪ್ತ ಮಾಹಿತಿಯನ್ನೂ ನಿಲ್ಲಿಸಿತು. ಒಂದು ಗುಂಡಿ ಒತ್ತಿದರೆ ಕಣ್ಣೇ ಕಟ್ಟಿಹೋಗುತ್ತದೆ ಎಂಬುದು ಯುರೋಪಿಗೆ ಅರ್ಥವಾದದ್ದು ಆ ವಾರ. ಮಾರ್ಚ್ 11ರ ಜೆದ್ದಾ ಮಾತುಕತೆಯ ನಂತರ ಪೂರೈಕೆ ಮತ್ತೆ ಶುರುವಾಯಿತು. ಜುಲೈಯಲ್ಲಿ ಹೊಸ ಏರ್ಪಾಡು ಬಂತು: ಅಮೆರಿಕ ಶಸ್ತ್ರ ಮಾರುತ್ತದೆ, ಯುರೋಪು ದುಡ್ಡು ಕೊಡುತ್ತದೆ, ಉಕ್ರೇನ್ ಹೋರಾಡುತ್ತದೆ.

ಜರ್ಮನಿಯಲ್ಲಿ ಆದ ಬದಲಾವಣೆ ಎಲ್ಲಕ್ಕಿಂತ ದೊಡ್ಡದು. ಸಾಲವೆಂದರೆ ಪಾಪ ಎಂಬಂತಿದ್ದ ಆ ದೇಶ 2025ರ ಮಾರ್ಚ್‌ನಲ್ಲಿ ಸಂವಿಧಾನವನ್ನೇ ತಿದ್ದಿ, ಉತ್ಪನ್ನದ ಶೇ. 1ನ್ನು ಮೀರಿದ ರಕ್ಷಣಾ ಖರ್ಚಿಗೆ ಸಾಲದ ಮಿತಿಯಿಂದ ವಿನಾಯ್ತಿ ಕೊಟ್ಟಿತು. ಲಿಥುವೇನಿಯದಲ್ಲಿ ಸುಮಾರು 5,000 ಮಂದಿಯ ಬ್ರಿಗೇಡನ್ನು ಕಾಯಂ ಆಗಿ ಇರಿಸಲು ಹೊರಟಿದೆ, ಪೂರ್ತಿ ಸಜ್ಜಾಗಬೇಕಾದ್ದು 2027ಕ್ಕೆ. ಎರಡನೇ ಮಹಾಯುದ್ಧದ ಬಳಿಕ ಜರ್ಮನ್ ಸೇನೆ ಹೀಗೆ ಹೊರದೇಶದಲ್ಲಿ ಕಾಯಂ ಠಾಣೆ ಹೂಡುವುದು ಇದೇ ಮೊದಲು. ಅದನ್ನು ಕಂಡು ನೆರೆಯವರು ಹೆದರುವ ಬದಲು ಹೂಗುಚ್ಛ ಹಿಡಿದು ಸ್ವಾಗತಿಸುವ ಕಾಲ ಬಂದಿದೆಯೆಂದರೆ ಯುರೋಪಿನ ಭಯ ಎಲ್ಲಿಗೆ ಮುಟ್ಟಿದೆ ಎಂದು ಊಹಿಸಬಹುದು.

ಅಣುಬಾಂಬಿನ ವಿಷಯಕ್ಕೆ ಬಂದರೆ ಅಂಗಡಿ ಇನ್ನೂ ಚಿಕ್ಕದು. 2025ರ ಅಂದಾಜಿನಲ್ಲಿ ಫ್ರಾನ್ಸಿನ ಬಳಿ ಸುಮಾರು 290, ಬ್ರಿಟನ್ ಬಳಿ ಸುಮಾರು 225 ಸಿಡಿತಲೆಗಳು. ರಷ್ಯದ್ದು 4,000ಕ್ಕೂ ಹೆಚ್ಚು. ಬ್ರಿಟನ್ನಿನ ಸಿಡಿತಲೆಗಳನ್ನು ಹೊರುವ ಟ್ರೈಡೆಂಟ್ ಕ್ಷಿಪಣಿ ಅಮೆರಿಕದ್ದೇ.

ಬಿಟ್ಟು ಹೋಗದೆಯೂ ಬಿಡಬಹುದು

ಅಮೆರಿಕ ನ್ಯಾಟೋ ಬಿಟ್ಟು ಹೋಗುತ್ತದೆಯೇ ಎಂದು ಕೇಳುವವರಿಗೆ ಕಾನೂನಿನ ಉತ್ತರ ಸುಲಭ. 2023ರ ಡಿಸೆಂಬರಿನ ಕಾಯ್ದೆ ಪ್ರಕಾರ ಸೆನೆಟ್ಟಿನ ಮೂರನೇ ಎರಡು ಭಾಗದ ಒಪ್ಪಿಗೆ ಅಥವಾ ಕಾಂಗ್ರೆಸ್ಸಿನ ಶಾಸನ ಇಲ್ಲದೆ ಅಧ್ಯಕ್ಷರೊಬ್ಬರೇ ಹೊರಬರುವಂತಿಲ್ಲ. ಯುರೋಪಿನಲ್ಲಿರುವ ಅಮೆರಿಕನ್ ಸೈನಿಕರನ್ನು 76,000ಕ್ಕಿಂತ ಕೆಳಗೆ ಇಳಿಸಿ ಹಾಗೇ ಇಡುವುದಕ್ಕೆ 2025ರ ಡಿಸೆಂಬರಿನ ಇನ್ನೊಂದು ಕಾಯ್ದೆ ಷರತ್ತು ಹಾಕಿದೆ. ಆದರೆ ಮನಸ್ಸು ಹಿಂತೆಗೆಯುವುದನ್ನು ಯಾವ ಕಾಯ್ದೆ ತಡೆದೀತು? ದಾಳಿಯಾದ ದಿನ ಅಧ್ಯಕ್ಷರು, ತಪ್ಪಿ ಆಗಿರಬಹುದು, ನೋಡೋಣ ಅಂದರೂ ಒಪ್ಪಂದ ಮುರಿದಂತಾಗುವುದಿಲ್ಲ. ಅಗತ್ಯವೆಂದು ತೋರಿದ ಕ್ರಮ ಎಂಬ ಆ ಹಳೆಯ ವಾಕ್ಯ ಅದಕ್ಕೆ ಬೇಕಾದಷ್ಟು ಎಡೆ ಕೊಟ್ಟಿದೆ.

ಇದು ದೂರದೂರಿನ ಪಂಚಾಯಿತಿ ಅಂತ ಭಾರತ ಕೈಕಟ್ಟಿ ಕೂರುವಂತಿರಲಿಲ್ಲ. ರಷ್ಯದ ಎಣ್ಣೆ ಕೊಳ್ಳುತ್ತಿದ್ದೀರಿ ಎಂಬ ನೆಪ ಹಿಡಿದು ಅಮೆರಿಕ 2025ರ ಆಗಸ್ಟ್ 27ರಿಂದ ಭಾರತದ ಸಾಮಾನಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಮೊದಲ ಪೆಟ್ಟು ತಿಂದವುಗಳಲ್ಲಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳೂ ಇದ್ದವು. ಎಣ್ಣೆಯ ಹೆಸರಿನ ಆ ಹೆಚ್ಚುವರಿ ಸುಂಕವನ್ನು 2026ರ ಫೆಬ್ರವರಿಯಲ್ಲಿ ಕೈಬಿಡಲಾಯಿತು.

ನಿಜವಾದ ಪರೀಕ್ಷೆ ನಡೆದರೆ ಅದು ಬ್ರಸೆಲ್ಸ್ ಸಭಾಂಗಣದಲ್ಲಿ ಅಲ್ಲ, ನಾರ್ವಾದಂಥ ಊರಲ್ಲಿ ಎಂದು ಪರಿಣತರು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ನಾರ್ವಾ ಎಸ್ಟೋನಿಯದ ಪೂರ್ವದಂಚಿನ ಪಟ್ಟಣ, ಐವತ್ತು ಸಾವಿರ ಚಿಲ್ಲರೆ ಜನ. ಬಹುತೇಕ ಎಲ್ಲರ ಮನೆಮಾತು ರಷ್ಯನ್. ಹೊಳೆಯ ಆಚೆ ದಡದಲ್ಲಿ ರಷ್ಯದ ಇವಾನ್‌ಗೊರೊದ್ ಕೋಟೆ, ಈಚೆ ದಡದಲ್ಲಿ ಇವರ ಕೋಟೆ, ನಡುವೆ ಒಂದು ಸೇತುವೆ. 2024ರ ಸೆಪ್ಟೆಂಬರಿನಿಂದ ಅಲ್ಲಿನ ರಷ್ಯನ್ ಶಾಲೆಗಳು ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ಬದಲಾಗುತ್ತಿವೆ. 2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿ ರಷ್ಯದ ಪೌರತ್ವ ಇರುವವರಿಂದ ಸ್ಥಳೀಯ ಚುನಾವಣೆಯ ಮತದಾನದ ಹಕ್ಕನ್ನು ಹಿಂತೆಗೆಯಲಾಯಿತು. ಮನೆಮಾತು ಒಂದು, ಆಡಳಿತದ ಮಾತು ಇನ್ನೊಂದು ಆದಾಗ ಮನಸ್ಸಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ನಾರ್ವಾದವರೆಲ್ಲ ಮಾಸ್ಕೋಗೆ ಸೇರಲು ಕಾದು ಕೂತಿದ್ದಾರೆ ಎನ್ನುವುದೂ ತಪ್ಪು. ಆಚೆ ದಡದ ಸಂಬಳ, ಈಚೆ ದಡದ ಸಂಬಳ ಎರಡೂ ಅವರಿಗೆ ಗೊತ್ತು.

2024ರ ಫೆಬ್ರವರಿಯಿಂದ ಆ ಸೇತುವೆಯ ಮೇಲೆ ವಾಹನ ಸಂಚಾರ ಇಲ್ಲ, ಆ ವರ್ಷದ ಮೇಯಿಂದ ರಾತ್ರಿ ಹೊತ್ತು ಎಸ್ಟೋನಿಯದ ಕಡೆ ಗೇಟು ಮುಚ್ಚತೊಡಗಿತು. ಹಗಲಲ್ಲಿ ದಾಟಬೇಕಾದವರು ಗಂಟೆಗಟ್ಟಲೆ ಸರತಿಯಲ್ಲಿ ನಿಂತು, ಚೀಲ ಎಳೆದುಕೊಂಡು, ನಡೆದೇ ದಾಟಬೇಕು.