ಬಡತನವೂ ಮಕ್ಕಳ ಅರ್ಬುದವೂ

ರೋಗಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲವೆಂದು ನಾವು ಆಗಾಗ ಹೇಳಿಕೊಳ್ಳುವುದುಂಟು. ಮಾತು ಸಮಾಧಾನಕರವಾದುದೇ; ಆದರೆ ಮಕ್ಕಳಲ್ಲಿ ತಲೆದೋರುವ ಲಿಂಫೋಮಾ, ಎಂದರೆ ದುಗ್ಧರಸ ಗ್ರಂಥಿಗಳ ಅರ್ಬುದವನ್ನು ಕುರಿತು ವಿಚಾರಮಾಡುವಾಗ ಅದು ಅರ್ಧಸತ್ಯವೆಂಬುದು ಗೋಚರವಾಗುತ್ತದೆ.

1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ವರ್ಣಿಸಿದ, ಅವನ ಹೆಸರಿನಿಂದಲೇ ಪ್ರಸಿದ್ಧವಾದ ಲಿಂಫೋಮಾ ಸಂಪನ್ನ ದೇಶಗಳಲ್ಲಿ ಹೆಚ್ಚಾಗಿ ಹದಿಹರೆಯದಲ್ಲಿಯೂ ತಾರುಣ್ಯದಲ್ಲಿಯೂ ಕಾಣಿಸಿಕೊಂಡರೆ, ಬಡ ದೇಶಗಳಲ್ಲಿ ಹತ್ತು ವರ್ಷ ತುಂಬದ ಮಕ್ಕಳನ್ನು, ಅವರಲ್ಲಿಯೂ ಗಂಡುಮಕ್ಕಳನ್ನು, ಹೆಚ್ಚಾಗಿ ಹಿಡಿಯುತ್ತದೆ. ಈ ವ್ಯತ್ಯಾಸವು ಸಮಾಜದ ಆರ್ಥಿಕ ಸ್ಥಿತಿಯನ್ನು ಅನುಸರಿಸುತ್ತದೆಂದು ಕೊರೇಯಾ ಮತ್ತು ಓಕಾನರ್ ಎಂಬ ವಿದ್ವಾಂಸರು 1971ರಲ್ಲಿ ತೋರಿಸಿಕೊಟ್ಟರು. 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ವೈರಾಣು ಇದಕ್ಕೆ ಒಂದು ಕಾರಣ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗಿ, ಒಂದೇ ಲೋಟದಲ್ಲಿ ಎಲ್ಲರೂ ನೀರು ಕುಡಿಯುವ ಮನೆಯಲ್ಲಿ ಆ ಸೋಂಕು ಶೈಶವದಲ್ಲಿಯೇ ತಗುಲುತ್ತದೆ. ವಿಶಾಲವಾದ ಮನೆಯ ಮಗುವಿಗೆ ಅದು ತಡವಾಗಿ ಬರುತ್ತದೆ. ಸೋಂಕು ತಗುಲಿದವರಿಗೆಲ್ಲ ಅರ್ಬುದವಾಗುವುದಿಲ್ಲವೆಂಬುದು ನಿಜ. ಆದರೂ ರೋಗ ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ ಬರತಕ್ಕದ್ದೆಂಬುದನ್ನು ನಿರ್ಣಯಿಸುವುದರಲ್ಲಿ ದಾರಿದ್ರ್ಯಕ್ಕೆ ಪಾಲುಂಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗಾದರೆ ಅಂಕಿಸಂಖ್ಯೆಗಳನ್ನು ನೋಡಿ ಬಡತನದ ಪ್ರಭಾವವನ್ನು ಅಳೆಯಬಹುದಲ್ಲವೇ ಎಂದು ಕೇಳುವವರುಂಟು. ಇಲ್ಲಿಯೇ ಎಚ್ಚರ ಬೇಕಾದುದು. ಬೆಂಗಳೂರಿನ ಕಿದ್ವಾಯಿ ಅರ್ಬುದ ಚಿಕಿತ್ಸಾ ಸಂಸ್ಥೆಯು 1982ರಿಂದ ನಡೆಸಿಕೊಂಡು ಬಂದಿರುವ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು ಅಮೂಲ್ಯವಾದುದು. ಆದರೆ ಅದು ಎಣಿಸುವುದು ಬೆಂಗಳೂರಿನ ನಿವಾಸಿಗಳನ್ನು. ಭದ್ರಾವತಿಯ ಮಗುವೊಂದು ಅಲ್ಲಿಗೇ ಹೋಗಿ ಚಿಕಿತ್ಸೆ ಪಡೆದರೂ ಆಸ್ಪತ್ರೆಯ ಪುಸ್ತಕದಲ್ಲಿ ಅದರ ಹೆಸರು ಸೇರೀತೇ ಹೊರತು ನೋಂದಣಿಯ ರೋಗಪ್ರಮಾಣದ ಲೆಕ್ಕಕ್ಕೆ ಸೇರದು. ಇನ್ನು ಊರು ಬಿಟ್ಟು ಹೊರಡದೆಯೇ ತೀರಿಕೊಂಡ ಮಗುವಂತೂ ಯಾವ ಪುಸ್ತಕಕ್ಕೂ ಬಾರದು. ಕಡಮೆ ಅಂಕಿಯನ್ನು ಕಂಡು ಆರೋಗ್ಯವೆಂದು ಭ್ರಮಿಸುವುದು, ದೀಪವಿಲ್ಲದ ಕೋಣೆಯಲ್ಲಿ ಕಸವಿಲ್ಲವೆಂದು ಹೇಳಿದಂತೆ.

ಭದ್ರಾವತಿಯನ್ನೇ ತೆಗೆದುಕೊಳ್ಳೋಣ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಈಗ ಆ ಕಾಗದದ ಯಂತ್ರಗಳು ನಿಂತು ವರ್ಷಗಳೇ ಸಂದಿವೆ. ಇಂಥ ಊರಿನಲ್ಲಿ ಇಬ್ಬರು ಮಕ್ಕಳ ಕತ್ತಿನಲ್ಲಿ ನೋವಿಲ್ಲದ, ಅಡಕೆಗಾತ್ರದ ಗಂಟು ಎದ್ದಿತೆಂದು ಭಾವಿಸಿ. ಕಾಯಂ ನೌಕರನು ರಜೆಯ ಚೀಟಿ ಬರೆದಿಟ್ಟು ಮಗನನ್ನು ವೈದ್ಯರಲ್ಲಿಗೆ ಕರೆದೊಯ್ಯುತ್ತಾನೆ. ಗುತ್ತಿಗೆ ಕೂಲಿಯವನಿಗೆ ಒಂದು ದಿನದ ಗೈರುಹಾಜರಿ ಎಂದರೆ ಒಂದು ದಿನದ ಅಕ್ಕಿ. ಸುಣ್ಣಬೆಲ್ಲದ ಪಟ್ಟು, ಅಂಗಡಿಯ ಮಾತ್ರೆ, ಆಮೇಲೆ ಗಂಡಮಾಲೆ, ಎಂದರೆ ಕತ್ತಿನ ಗ್ರಂಥಿಗಳ ಕ್ಷಯ, ಇರಬಹುದೆಂಬ ಊಹೆಯ ಮೇಲೆ ಕ್ಷಯದ ಔಷಧಿ. ಹೀಗೆ ತಿಂಗಳುಗಳು ಜಾರಿ, ಗಂಟಿನ ತುಣುಕು ತೆಗೆದು ಪರೀಕ್ಷಿಸುವ ವೇಳೆಗೆ ರೋಗ ಎದೆಯನ್ನೋ ಹೊಟ್ಟೆಯನ್ನೋ ಹೊಕ್ಕಿರುತ್ತದೆ. ಗಂಟು ಹೆಣ್ಣುಮಗುವಿನದಾದರೆ ವಿಳಂಬ ಇನ್ನೂ ದೀರ್ಘವಾಗುವುದುಂಟು.

ಸರ್ಕಾರ ಖರ್ಚು ಕೊಡುತ್ತದೆಯಲ್ಲ ಎಂಬ ಆಕ್ಷೇಪಣೆ ನ್ಯಾಯವಾದುದೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಬಾಗಿಲೂ ತೆರೆದಿದೆ. ಆದರೆ ಹಾಡ್ಜ್‌ಕಿನ್ ರೋಗದ ಒಂದು ಪ್ರಚಲಿತ ಚಿಕಿತ್ಸಾಕ್ರಮದಲ್ಲಿ ಹದಿನೈದು ದಿನಕ್ಕೊಮ್ಮೆಯಂತೆ ಆರು ತಿಂಗಳು, ಒಟ್ಟು 12 ಸಲ ಔಷಧಿಯನ್ನು ರಕ್ತನಾಳಕ್ಕೆ ಹರಿಸಬೇಕು. ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಾದವರು ಸುಮಾರು 250 ಕಿಲೋಮೀಟರುಗಳ ದಾರಿಯನ್ನು ರಾತ್ರಿಯ ರೈಲಿನಲ್ಲಿ ಕಳೆದು, ಹಗಲೆಲ್ಲ ಆಸ್ಪತ್ರೆಯಲ್ಲಿ ಕುಳಿತು, ವಾಂತಿ ಮಾಡಿಕೊಳ್ಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿರುಗುವಾಗ, ಸಲಕ್ಕೆ ಎರಡರಂತೆ 24 ದಿನಗಳ ಕೂಲಿ ಕಳೆದಿರುತ್ತದೆ. ಇದರಲ್ಲೊಂದು ಕ್ರೂರವಾದ ವ್ಯಂಗ್ಯವೂ ಉಂಟು: ಮೂರು ನಾಲ್ಕು ಸಲದ ಔಷಧಿಗೇ ಗಂಟು ಕರಗುವುದುಂಟು; ಗಂಟು ಕರಗಿತಲ್ಲ, ಮಗು ಆಡುತ್ತಿದೆಯಲ್ಲ ಎಂದು ತಂದೆತಾಯಿ ಸಾಲಕ್ಕೆ ಹೆದರಿ ಪ್ರಯಾಣವನ್ನು ನಿಲ್ಲಿಸುತ್ತಾರೆ. ಅದನ್ನು ಅಜ್ಞಾನವೆಂದು ಕರೆಯುವುದು ಸುಲಭ; ಅದು ಲೆಕ್ಕಾಚಾರ.

ಶ್ರೀಮಂತ ದೇಶಗಳಲ್ಲಿ ಅರ್ಬುದಗ್ರಸ್ತ ಮಕ್ಕಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ; ಅನೇಕ ಬಡ ದೇಶಗಳಲ್ಲಿ ಶೇಕಡ 30ಕ್ಕಿಂತ ಕಡಮೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದ್ದುಗಳಲ್ಲಿ ಬಹುಪಾಲು ಹಳೆಯವು, ಎಲ್ಲರಿಗೂ ಗೊತ್ತಿರುವವು. ಆದ್ದರಿಂದ ಬಡತನದ ನಿಜವಾದ ಅಳತೆ ರೋಗ ಬಂದವರ ಪ್ರಮಾಣಕ್ಕಿಂತ, ಗಂಟು ಕಂಡ ದಿನಕ್ಕೂ ಪರೀಕ್ಷೆಯ ದಿನಕ್ಕೂ, ಮೊದಲನೆಯ ಔಷಧಿಗೂ ಹನ್ನೆರಡನೆಯದಕ್ಕೂ ನಡುವಣ ಅಂತರದಲ್ಲಿದೆ. ನಾಲ್ಕು ವಾರ ಕಳೆದರೂ ಕರಗದ ಗಂಟನ್ನು ವೈದ್ಯರಿಗೆ ತೋರಿಸುವುದು ಮನೆಯವರ ಕರ್ತವ್ಯ. ಆ ಮಗುವಿನ ಜೊತೆಗೆ ಹೋಗುವವರ ರೈಲಿನ ಟಿಕೀಟನ್ನೂ ಕಳೆದ ಕೂಲಿಯನ್ನೂ ಔಷಧಿಯ ಪಟ್ಟಿಯಲ್ಲಿಯೇ ಸೇರಿಸುವುದು ಸಮಾಜದ ಕರ್ತವ್ಯ.