ಹೀಲಿಯಂ: ಕೈಬಿಟ್ಟರೆ ಮರಳದ ಅನಿಲ

1868ನೆಯ ಇಸವಿಯ ಆಗಸ್ಟ್ 18ರಂದು ಭಾರತದಲ್ಲಿ ಖಗ್ರಾಸ ಸೂರ್ಯಗ್ರಹಣವು ಗೋಚರಿಸಿತು. ಚಂದ್ರನ ನೆರಳು ಹಾದುಹೋದ ಊರುಗಳಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯೂ ಒಂದು. ಗ್ರಹಣವನ್ನು ಪರೀಕ್ಷಿಸಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು ಅಲ್ಲಿ ಬೀಡುಬಿಟ್ಟಿದ್ದನು. ಮಳೆಗಾಲದ ಮೋಡಗಳು ಪದೇಪದೇ ಅಡ್ಡಬಂದವು. ಅವು ಸರಿದ ಅಲ್ಪಾವಧಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಯತ್ತ ರೋಹಿತದರ್ಶಕವನ್ನು ತಿರುಗಿಸಿದಾಗ ಕೆಂಪು, ಕಿತ್ತಳೆ, ನೀಲಿ ಬಣ್ಣಗಳ ಮೂರು ಉಜ್ಜ್ವಲ ರೇಖೆಗಳು ಅವನಿಗೆ ಕಂಡವು. ಕಿತ್ತಳೆ ರೇಖೆಯು ಸೋಡಿಯಂ ಧಾತುವಿನದೆಂದೇ ಅವನು ಎಣಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್, ಆ ರೇಖೆಯ ಸ್ಥಾನವು ಸೋಡಿಯಂ ರೇಖೆಗಳ ಸ್ಥಾನಕ್ಕೆ ಹೊಂದುವುದಿಲ್ಲವೆಂದು ಗುರುತಿಸಿದನು. ಈ ಅಜ್ಞಾತ ಧಾತುವಿಗೆ, ಸೂರ್ಯನೆಂಬ ಅರ್ಥದ ಗ್ರೀಕ್ ಪದದಿಂದ ಹೀಲಿಯಂ ಎಂಬ ಹೆಸರು ಬಂದಿತು. 1895ರಲ್ಲಿ ರ‍್ಯಾಮ್ಸೆ ಎಂಬ ವಿಜ್ಞಾನಿಯು ಯುರೇನಿಯಂ ಖನಿಜವೊಂದರಿಂದ ಅದನ್ನು ಹೊರತೆಗೆದ ಮೇಲೆ, ಸೂರ್ಯನ ಧಾತುವು ನೆಲದಲ್ಲಿಯೂ ಇದೆಯೆಂದು ತಿಳಿಯಿತು.

ಹೀಲಿಯಂ ಉರಿಯದು, ಸಾಮಾನ್ಯವಾಗಿ ಬೇರಾವ ಧಾತುವಿನೊಡನೆಯೂ ಕೂಡದು. ಆದುದರಿಂದಲೇ ಬೆಸುಗೆಯಲ್ಲಿ ಕಾದ ಲೋಹಕ್ಕೆ ಗಾಳಿ ತಾಗದಂತೆ ಅದನ್ನು ಬಳಸುವರು. ಆಳವಾದ ಕಡಲಿಗೆ ಇಳಿಯುವವರ ಉಸಿರಿನ ಗಾಳಿಯಲ್ಲಿಯೂ ಬೆರೆಸುವರು. ಭಾರತದ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದಲ್ಲಿ ಇಂಧನವನ್ನು ಎಂಜಿನ್ನಿಗೆ ದೂಡುವುದು ಹೀಲಿಯಮ್ಮಿನ ಒತ್ತಡವೇ. ಆದರೆ ಅದರ ಹಿರಿಮೆ ಇರುವುದು ಶೈತ್ಯದಲ್ಲಿ. ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದು ದ್ರವವಾಗುತ್ತದೆ. 1908ರಲ್ಲಿ ಇದನ್ನು ಸಾಧಿಸಿದ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್, 1911ರಲ್ಲಿ ಅಂತಹ ಚಳಿಯಲ್ಲಿ ಪಾದರಸದ ವಿದ್ಯುತ್ ರೋಧವು ಮಾಯವಾಗುವುದನ್ನು ಕಂಡನು. ಆಸ್ಪತ್ರೆಗಳಲ್ಲಿ ದೇಹವನ್ನು ಕೊಯ್ಯದೆಯೇ ಒಳಗನ್ನು ತೋರಿಸುವ ಎಂ.ಆರ್.ಐ. ಯಂತ್ರದ ಪ್ರಬಲ ಕಾಂತವು ಕೆಲಸಮಾಡುವುದು ಈ ಗುಣದ ಬಲದಿಂದಲೇ. ಅಂತಹ ಅನೇಕ ಯಂತ್ರಗಳಿಗೆ ಒಂದೊಂದಕ್ಕೆ ಸಾವಿರಕ್ಕೂ ಹೆಚ್ಚು ಲೀಟರ್ ದ್ರವ ಹೀಲಿಯಂ ಬೇಕು.

ಇಷ್ಟು ಉಪಯುಕ್ತವಾದ ವಸ್ತುವು ಹೇರಳವಾಗಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಐದು ಪಾಲಿನಷ್ಟು ಮಾತ್ರ. ಯುರೇನಿಯಂ, ಥೋರಿಯಂಗಳು ಕ್ಷಯಿಸುವಾಗ ಕೋಟ್ಯಂತರ ವರ್ಷಗಳಿಂದ ಹುಟ್ಟಿ, ಕೆಲವು ದೇಶಗಳ ನೈಸರ್ಗಿಕ ಅನಿಲದೊಡನೆ ನೆಲದಡಿ ಸಿಕ್ಕಿಬಿದ್ದಿರುವುದೇ ಮುಖ್ಯ ಭಂಡಾರ. ಕೈಬಿಟ್ಟ ಹೀಲಿಯಂ ಮೇಲೇರಿ, ಕಾಲಕ್ರಮದಲ್ಲಿ ಭೂಮಿಯ ಹಿಡಿತವನ್ನೇ ತಪ್ಪಿಸಿಕೊಂಡು ಹೋಗುತ್ತದೆ. ಭಾರತವಂತೂ ತನಗೆ ಬೇಕಾದುದನ್ನು ಬಹುಮಟ್ಟಿಗೆ ಹೊರಗಿನಿಂದಲೇ ತರಿಸಿಕೊಳ್ಳುತ್ತಿದೆ.

ಹೀಗಿರುವಾಗ ಸಮಾರಂಭದ ಒಂದು ಸಂಜೆಯ ಅಲಂಕಾರಕ್ಕೆ ಬಲೂನುಗಳಲ್ಲಿ ಅದನ್ನು ತುಂಬಿ ಹಾರಿಬಿಡುವುದು ಒಪ್ಪತಕ್ಕದ್ದಲ್ಲ. ಉರಿಯುವ ಜಲಜನಕಕ್ಕಿಂತ ಇದು ಕ್ಷೇಮವೆಂಬ ವಾದವು ನಿಜವೇ. ಆದರೆ ಬಾಯಿಂದ ಊದಿದ ಪುಗ್ಗೆಗೆ ಯಾವ ಮಗುವೂ ಮುನಿಸಿಕೊಂಡಿಲ್ಲ. ಬಲೂನಿಗಿಂತ ದೊಡ್ಡ ಹೊಣೆ ಆಸ್ಪತ್ರೆ ಮತ್ತು ಪ್ರಯೋಗಾಲಯಗಳದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆವಿಯಾದ ಹೀಲಿಯಮ್ಮನ್ನು ಹಿಡಿದು ಮತ್ತೆ ದ್ರವವಾಗಿಸುವ ವ್ಯವಸ್ಥೆಯಿದೆ. ಅದಕ್ಕೆ ವೆಚ್ಚ ತಗಲುವುದೇನೋ ಸರಿ. ಆದರೂ ಹೆಚ್ಚು ಹೀಲಿಯಂ ಬಳಸುವ ಪ್ರತಿಯೊಂದು ಸಂಸ್ಥೆಯೂ ಯಂತ್ರವನ್ನು ಕೊಳ್ಳುವಾಗಲೇ ಈ ಏರ್ಪಾಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.